ಹದಿನೆಂಟಕ್ಕೆ ಹದಿನೆಂಟು

ಕುರಿ ಒಪ್ಪಿಗೆ ಕೊಡುವುದಿಲ್ಲ ಎಂದು ಜಗಳೂರು ತಾಲ್ಲೂಕಿಗೆಲ್ಲ ಡಂಗುರ ಸಾರಿದವನು ನಾನು. ಯಾರೂ ಕೇಳಿರಲಿಲ್ಲ, ನಾನೇ ಮೇಲೆ ಬಿದ್ದು ಹೇಳಿದೆ. ಪಶು ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಅಂದರೆ ಡಾಕ್ಟರಲ್ಲ, ಡಾಕ್ಟರು ಇಲ್ಲದಾಗ ಸೂಜಿ ಚುಚ್ಚುವವನು, ದನದ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹೊಯ್ಯುವವನು. ಡಾಕ್ಟರು ಮುಕ್ಕಾಲು ಪಾಲು ಇರುತ್ತಿರಲಿಲ್ಲವಾದ್ದರಿಂದ ಹಳ್ಳಿಯವರಿಗೆ ಈ ಶಿವಮೂರ್ತಪ್ಪನೇ ಡಾಕ್ಟ್ರು. ಆ ಹೆಸರು ನನ್ನ ತಲೆಗೇರಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲೇ ಹಿಡಿದೆ, ಅಷ್ಟೇ ವ್ಯತ್ಯಾಸ.

ಆ ಕಡೆ ಹರಕೆಯ ಕುರಿ ಕಡಿಯುವ ಮುಂಚೆ ಅದರ ಒಪ್ಪಿಗೆ ಕೇಳುತ್ತಾರೆ. ತಲೆಯ ಮೇಲೆ, ಬೆನ್ನಿನ ಮೇಲೆ ಅರಿಶಿನದ ನೀರು ಎರಚಿ ಕೈಮುಗಿದು ನಿಲ್ಲುತ್ತಾರೆ. ಕುರಿ ಮೈ ಕೊಡವಿದರೆ ಒಪ್ಪಿತು ಎಂದರ್ಥ. "ಕೊಡವ್ತು, ಕೊಡವ್ತು" ಎಂದು ಕೂಗು ಏಳುತ್ತದೆ, ಕತ್ತಿ ಬೀಳುತ್ತದೆ. ಕೊಡವದಿದ್ದರೆ ಕಾಯಬೇಕು. ಒಂದು ಗಂಟೆ, ಎರಡು ಗಂಟೆ. ಮನೆಯ ಯಜಮಾನ "ಏನು ತಪ್ಪಾಗೈತೋ ತಾಯಿ" ಎಂದು ಅಡ್ಡಬೀಳುತ್ತಾನೆ, ಹೆಂಗಸರು ಅಳುತ್ತಾರೆ. ಅಷ್ಟಾದರೂ ಕೊಡವದಿದ್ದರೆ ಕುರಿಯ ಕಿವಿಗೆ ಗುರುತು ಹಾಕಿ ಬಿಟ್ಟುಬಿಡುತ್ತಾರೆ. ಅದು ಮುಪ್ಪಾಗಿ ತಾನಾಗಿ ಸಾಯುವವರೆಗೂ ಯಾರೂ ಮುಟ್ಟುವಂತಿಲ್ಲ.

ನಾನು ಲಿಂಗ ಕಟ್ಟಿಕೊಂಡವನು, ಮಾಂಸ ಕಂಡರೆ ದೂರ ಸರಿಯುವವನು. ಇದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ಕಡಿಯುವುದೂ ಅಲ್ಲದೆ, ಕಡಿಸಿಕೊಳ್ಳಲು ಅದೇ ಒಪ್ಪಿಕೊಂಡಿತು ಅಂತ ಬೇರೆ! ಮನೆಗೆ ಬಂದು ಹೆಂಡತಿ ಶಂಕ್ರಮ್ಮನ ಮುಂದೆ ಕೂಗಾಡುತ್ತಿದ್ದೆ. ಅವಳು ರೊಟ್ಟಿ ತಟ್ಟುತ್ತ ನಗುತ್ತಿದ್ದಳು.

"ಕುರಿನ್ನಾದ್ರೂ ಎರಡು ಗಂಟೆ ಕಾಯ್ತಾರಲ್ಲ ರೀ," ಎಂದಳು ಒಮ್ಮೆ. "ನಮ್ಮ ಮದ್ವೆಗೆ ನನ್ನ ಒಪ್ಪಿಗೆ ಕೇಳಿದ್ದು ಗ್ಯಾನ ಐತಾ? ನಾನು ತಲೆ ಬಗ್ಗಿಸ್ದೆ, 'ಹುಡುಗಿ ಒಪ್ಪಿದ್ಲು' ಅಂದ್ಬಿಟ್ರು. ಕಾಲಿಗೆ ಇರುವೆ ಕಚ್ಚಿತ್ತು, ಅದನ್ನ ನೋಡಾಕೆ ಬಗ್ಗಿದ್ದು ನಾನು!"

ಅವಳ ಬಾಯೇ ಹಾಗೆ. ಬಸವಾಪಟ್ಟಣದ ಹೆಣ್ಣು, ಮಾತಿಗೆ ಮಾತು ಬಿಡುತ್ತಿರಲಿಲ್ಲ. ಮದುವೆಯಾಗಿ ಎಂಟು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ, ಆದರೂ ಮನೆಯಲ್ಲಿ ಗದ್ದಲಕ್ಕೆ ಕೊರತೆಯಿರಲಿಲ್ಲ. ನನ್ನನ್ನು 'ಕುರಿ ಡಾಕ್ಟ್ರು' ಎಂದು ಕರೆಯುತ್ತಿದ್ದಳು.

ಎಪ್ಪತ್ತಾರನೇ ಇಸವಿಯಲ್ಲಿ ಮೈಸೂರಿನಿಂದ ಒಬ್ಬ ಪ್ರೊಫೆಸರು ಬಂದರು, ಮಲ್ಲಿಕಾರ್ಜುನಪ್ಪ ಅಂತ. ಮೂಲ ಚನ್ನಗಿರಿಯವರೇ, ಮಾತಿನಲ್ಲಿ ನಮ್ಮ ಸೀಮೆಯ ವಾಸನೆ ಹೋಗಿರಲಿಲ್ಲ. ಎಮರ್ಜೆನ್ಸಿ ಕಾಲ, ನಮ್ಮ ಡಾಕ್ಟರೂ ಹತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿರುತ್ತಿದ್ದರು. ಪ್ರಾಣಿಗಳಿಗೆ ಪ್ರಜ್ಞೆ ಇದೆಯೇ, ಇದ್ದರೆ ಹೊರಗೆ ನಿಂತವರಿಗೆ ತಿಳಿಯುವುದು ಹೇಗೆ, ಇದು ಆ ಪ್ರೊಫೆಸರ ಸಂಶೋಧನೆ. ಕುರಿಯ ಒಪ್ಪಿಗೆಯ ವಿಷಯ ಅವರ ಅಜ್ಜಿಯಿಂದ ಕೇಳಿದ್ದರಂತೆ. ಒಬ್ಬ ಸಹಾಯಕ ಬೇಕು ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತೆ.

ಬೀರಲಿಂಗಪ್ಪ ಎಂಬ ಕುರಿಗಾರನ ಹಟ್ಟಿಯಲ್ಲಿ ನಲವತ್ತು ಕುರಿ ಆರಿಸಿಕೊಂಡೆವು. ದೇವರಿಲ್ಲ, ಪೂಜೆಯಿಲ್ಲ, ಕತ್ತಿಯಿಲ್ಲ. ಬರೀ ನೀರು, ಒಂದು ಗಡಿಯಾರ, ಒಂದು ನೋಟ್‌ಬುಕ್ಕು. ತಣ್ಣೀರು ಎರಚಿದರೆ ಮೂವತ್ತಮೂರು ಕುರಿ ನಿಮಿಷದೊಳಗೆ ಮೈ ಕೊಡವಿದವು. ಉಗುರುಬೆಚ್ಚಗಿನ ನೀರಿಗೆ ಕೊಡವಿದ್ದು ಆರೇ ಆರು. ಕಿವಿಯೊಳಗೆ ಒಂದು ಹನಿ ಬಿಟ್ಟರೆ ನಲವತ್ತಕ್ಕೆ ನಲವತ್ತೂ ಕೊಡವಿದವು. ಬೀರಲಿಂಗಪ್ಪ ಬೀಡಿ ಸೇದುತ್ತ ಕುಕ್ಕರಗಾಲಲ್ಲಿ ಕುಳಿತು ಎಲ್ಲವನ್ನೂ ನೋಡಿದ.

"ನೋಡಿದ್ಯಾ ಬೀರಲಿಂಗಪ್ಪ, ಅದು ಒಪ್ಪಿಗೆಯಲ್ಲ. ಮೈಗೆ ನೀರು ಬಿದ್ರೆ ಚರ್ಮ ತಾನೇ ಅಲ್ಲಾಡ್ತೈತೆ. ಕುರಿಗೆ ಗ್ಯಾನ ಇಲ್ಲ, ಗೀನ ಇಲ್ಲ," ಎಂದೆ ನಾನು.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗನ್ಬ್ಯಾಡ್ರಿ ಶಿವಮೂರ್ತಪ್ಪನೋರೆ. ಮೈ ಕೊಡವಾಕೆ ಮನಸ್ಸು ಬೇಕಾಗಿಲ್ಲ ಅಂತ ಗೊತ್ತಾತು, ಅಷ್ಟೆ. ಮನಸ್ಸೇ ಇಲ್ಲ ಅಂತ ಎಲ್ಲಿ ಗೊತ್ತಾತು? ಒಳಗಡೆ ಏನೈತೆ ಅಂತ ಕೇಳಾಕೆ ನಮಗೆ ದಾರಿ ಸಿಕ್ಕಿಲ್ಲ, ಅದು ನಮ್ಮ ದಡ್ಡತನ. ಕುರಿದಲ್ಲ."

ಆ ಮಾತಿನಲ್ಲಿ ಮೊದಲರ್ಧ ಮಾತ್ರ ನನ್ನ ಕಿವಿಗೆ ಹೋಯಿತು. ಹಟ್ಟಿಯಿಂದ ಹಟ್ಟಿಗೆ ಸೈಕಲ್ ತುಳಿದು ಹೇಳಿಕೊಂಡು ಬಂದೆ. ಕಿವಿಗೆ ಹನಿ ಬಿಟ್ಟು ತೋರಿಸಿದೆ. ಇನ್ನು ಇವರು ನಾಚಿಕೊಂಡು ಬಲಿ ನಿಲ್ಲಿಸುತ್ತಾರೆ ಎಂದು ನನ್ನ ಲೆಕ್ಕ. ಆದದ್ದೇ ಬೇರೆ. ಮುಂದಿನ ಹರಕೆಯ ಹೊತ್ತಿಗೆ ಬೀರಲಿಂಗಪ್ಪ ಹಲ್ಲು ಬಿಟ್ಟುಕೊಂಡು ಬಂದ.

"ಡಾಕ್ಟ್ರೆ, ಭಾಳ ಉಪಕಾರ ಆತು ನಿಮ್ಮಿಂದ. ಅದಕ್ಕೆ ಗ್ಯಾನ ಇಲ್ಲ ಅಂದ್ಮ್ಯಾಲೆ ಕೇಳಾದೇನು, ಕಾಯಾದೇನು? ಕಿವಿಗೊಂದು ಹನಿ ಬಿಟ್ವಿ, ಕೊಡವ್ತು, ಕಡಿದ್ವಿ. ಹತ್ತು ನಿಮಿಷದ ಕೆಲಸ."

ಹಿಂದೆಲ್ಲ ಆ ಹಟ್ಟಿಯಲ್ಲಿ ವರ್ಷಕ್ಕೆ ನಾಲ್ಕಾರು ಕುರಿಯಾದರೂ ಉಳಿಯುತ್ತಿದ್ದವು. ಆ ವರ್ಷ ಒಂದೂ ಉಳಿಯಲಿಲ್ಲ. ಶಂಕ್ರಮ್ಮನಿಗೆ ಹೇಳಿದಾಗ ಅವಳು ಮೊದಲ ಬಾರಿಗೆ ನಗಲಿಲ್ಲ. "ಯಾಕ್ರೀ ಬೇಕಿತ್ತು ನಿಮಗೆ ಈ ಉಸಾಬರಿ?" ಎಂದಳು ಅಷ್ಟೆ. ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ.

ಎಪ್ಪತ್ತೆಂಟರಲ್ಲಿ ನನಗೆ ಹೊನ್ನಾಳಿ ತಾಲ್ಲೂಕಿನ ಗೋವಿನಕೋವಿಗೆ ವರ್ಗವಾಯಿತು. ಮರುವರ್ಷ ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಶಂಕ್ರಮ್ಮ "ತಲೆ ಸಿಡೀತೈತಲ್ರೀ" ಎಂದಳು. ನಾನು ಗಡ್ಡ ಕೆರೆದುಕೊಳ್ಳುತ್ತ "ಬಿಸಿಲಿಗೆ ಇರಬೇಕು, ಒಳಗ್ ಬಾ" ಎಂದೆ. ಬರಲಿಲ್ಲ. ಹೋಗಿ ನೋಡಿದರೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದಳು. ಅವಳ ವಯಸ್ಸು ಆಗ ಮೂವತ್ತೊಂದು.

ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟರು. ಚಿವುಟಿದರು, ಸೂಜಿಯಿಂದ ಚುಚ್ಚಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. ಕೈ ಏಳಲಿಲ್ಲ, ಕಾಲು ಏಳಲಿಲ್ಲ, ಬಾಯಿ ತೆರೆಯಲಿಲ್ಲ. "ಮೆದುಳಿನ ಬುಡದಾಗೆ ರಕ್ತ ಕಟ್ಟೈತೆ. ಉಸಿರೈತೆ, ಪ್ರಜ್ಞೆ ಇಲ್ಲ. ಇನ್ನು ಬರಾದೂ ಇಲ್ಲ," ಎಂದರು ಡಾಕ್ಟರು. ಮೂಗಿನಲ್ಲಿ ಒಂದು ರಬ್ಬರ್ ನಳಿಕೆ ಇಳಿಸಿ, ಅದರಲ್ಲಿ ಹಾಲು, ರಾಗಿಗಂಜಿ ಬಿಡುವುದನ್ನು ಕಲಿಸಿ ಕಳಿಸಿದರು. ಕಲಿಸುವುದೇನು ಬಂತು, ಅದು ನನ್ನ ದಿನನಿತ್ಯದ ಕಸುಬು. ಬಿದ್ದ ಎಮ್ಮೆಯನ್ನು ಮಗ್ಗುಲು ಬದಲಿಸಿ ಬದಲಿಸಿ ಉಳಿಸಿದ ಕೈ ಇದು. ಅವಳ ಬೆನ್ನಿನ ಮೇಲೆ ಒಂದು ಹುಣ್ಣು ಏಳಗೊಡಲಿಲ್ಲ. ಇಷ್ಟನ್ನು ಹೇಳಿಕೊಳ್ಳಲು ನನಗೆ ಹಕ್ಕಿದೆ, ಇದರಾಚೆ ಏನೂ ಇಲ್ಲ.

ಅವಳ ತಾಯಿ, ನಮ್ಮತ್ತೆ, ಬಸವಾಪಟ್ಟಣದಿಂದ ಬಂದು ಕುಳಿತರು. ಜೊತೆಗೆ ಅವಳ ತಂಗಿ ಕಲ್ಲಮ್ಮ. ಶಂಕ್ರಮ್ಮನ ಕಣ್ಣುಗಳು ತೆರೆದೇ ಇರುತ್ತಿದ್ದವು, ಆಗಾಗ ಮೇಲಕ್ಕೆ ಹೋಗುತ್ತಿದ್ದವು. ಹೋದಾಗಲೆಲ್ಲ ಅತ್ತೆ "ಅಯ್ಯೋ, ಕಣ್ಣು ಮೇಲೆ ಮಾಡಿದ್ಲು ನನ್ನ ಮಗಳು!" ಎಂದು ಎದೆ ಬಡಿದುಕೊಂಡು, ವಿಭೂತಿ ಹಚ್ಚಿ, ಬಾಯಿಗೆ ನೀರು ಬಿಡಲು ಓಡಿ ಬರುತ್ತಿದ್ದರು. ಸಾಯುವವರು ಕಣ್ಣು ಮೇಲೆ ಮಾಡುತ್ತಾರೆ ಎಂದು ನಮ್ಮ ಕಡೆ ಹೇಳುವುದುಂಟು. ನಾನು ಅತ್ತೆಯ ಕೈ ಹಿಡಿದು "ಅದೇನಲ್ಲ ಅತ್ತೆ, ನರ ಎಳೀತೈತೆ ಅಷ್ಟೆ. ಅವಳಿಗೆ ಏನೂ ಗೊತ್ತಾಗಲ್ಲ" ಎಂದು ಬುದ್ಧಿ ಹೇಳುತ್ತಿದ್ದೆ. ಕುರಿಗೆ ಗ್ಯಾನ ಇಲ್ಲ ಎಂದವನಿಗೆ ಹೆಂಡತಿಗೂ ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು!

ಕಲ್ಲಮ್ಮ ಒಂದು ತಿಂಗಳಿಗೆಂದು ಬಂದವಳು ಎರಡು ವರ್ಷ ಉಳಿದಳು. ಇಪ್ಪತ್ನಾಲ್ಕರ ಹುಡುಗಿ, ಅಕ್ಕನ ಹಾಗೆ ಬಾಯಾಳಿಯಲ್ಲ, ಮೆತ್ತಗೆ. ನಾವಿಬ್ಬರೂ ಕೂಡಿ ಶಂಕ್ರಮ್ಮನನ್ನು ಎತ್ತುತ್ತಿದ್ದೆವು, ಮಗ್ಗುಲು ಹೊರಳಿಸುತ್ತಿದ್ದೆವು. ಒಂದೇ ಬಕೆಟ್ಟಿಗೆ ಇಬ್ಬರ ಕೈ. ನನಗೆ ಅವಳ ಮೇಲೆ ಮನಸ್ಸಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ಆಯಿತು. ಊರೂ ಬಾಯಿ ಬಿಡತೊಡಗಿತ್ತು. ನಮ್ಮ ಮನೆಯವರು, ಅವರ ಮನೆಯವರು ಸೇರಿ ಒಂದೇ ಮಾತು ಹೇಳಿದರು: ತಂಗಿಯನ್ನೇ ಮಾಡಿಕೊಂಡರೆ ಅಕ್ಕನನ್ನು ನೋಡಿಕೊಂಡು ಹೋಗುತ್ತಾಳೆ, ಮನೆಗೆ ಒಂದು ಕೂಸೂ ಆಗುತ್ತದೆ. ಸರ್ಕಾರಿ ನೌಕರನಿಗೆ ಎರಡನೇ ಮದುವೆ ಕೂಡದು ಎಂದು ನನಗೆ ಗೊತ್ತಿತ್ತು. ಮನೆಯೊಳಗೆ ತಾಳಿ ಕಟ್ಟಿದರೆ ಆಫೀಸಿಗೆ ಯಾರು ಹೇಳುತ್ತಾರೆ ಎಂದರು.

ಕಲ್ಲಮ್ಮ ಮಾತ್ರ ಒಂದು ಷರತ್ತು ಹಾಕಿದಳು. "ಭಾವ, ನಮ್ಮಕ್ಕ ಒಪ್ಪಬೇಕು. ಅವಳು ಒಪ್ಪದೆ ನಾನು ಕುತ್ತಿಗೆ ಕೊಡಲ್ಲ."

"ಅವಳಿಗೆ ಗ್ಯಾನ ಇಲ್ಲ ಕಲ್ಲಮ್ಮ. ಹೆಂಗೆ ಒಪ್ತಾಳೆ?"

"ನನಗೊತ್ತಿಲ್ಲ. ಕೇಳ್ರಿ. ಏನಾದ್ರೂ ಒಂದು ಗುರುತು ಕೊಟ್ರೆ ಆತು. ಕೊಡ್ಲಿಲ್ಲಾಂದ್ರೆ ನಾನು ಬಸವಾಪಟ್ಟಣದ ಬಸ್ಸು ಹತ್ತೀನಿ."

ಇನ್ನು ಮುಂದಿನದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಶಂಕ್ರಮ್ಮನ ಕಣ್ಣು ಯಾವಾಗ ಮೇಲೆ ಹೋಗುತ್ತದೆ ಎಂದು ನಾನು ನೋಡತೊಡಗಿದೆ. ಹನ್ನೊಂದು ಬೆಳಿಗ್ಗೆ ನೋಡಿದೆ. ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದರೆ ಕಣ್ಣು ಸುಮ್ಮನಿರುತ್ತಿದ್ದವು. ಮಣ್ಣಿನ ಕೊಡದ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹಣೆಗೆ ಇಟ್ಟರೆ ರೆಪ್ಪೆ ಮುಚ್ಚಿ ಬಿಚ್ಚಿ, ಗುಡ್ಡೆ ಮೇಲಕ್ಕೆ ಹೋಗುತ್ತಿತ್ತು. ಹನ್ನೊಂದರಲ್ಲಿ ಒಂಬತ್ತು ಸಲ ಹೋಯಿತು. ಪ್ರೊಫೆಸರು ಕಲಿಸಿದ ಹಾಗೆ ಚೀಟಿಯ ಮೇಲೆ ಗೆರೆ ಎಳೆದು ಇಟ್ಟುಕೊಂಡಿದ್ದೆ.

ಒಂದು ಸೋಮವಾರ ಎರಡೂ ಮನೆಯ ಹಿರಿಯರು ಬಂದು ಮಂಚದ ಸುತ್ತ ಕುಳಿತರು. ಕಲ್ಲಮ್ಮ ಬಾಗಿಲ ಹತ್ತಿರ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾನು ಬಟ್ಟೆ ಅದ್ದಿ ಅತ್ತೆಯ ಕೈಗೆ ಕೊಟ್ಟೆ. "ಮುಖ ಒರೆಸಿ ಕೇಳ್ರಿ ಅತ್ತೆ. ಒಳ್ಳೆ ಮಾತು ಕೇಳುವಾಗ ಮುಖ ಶುದ್ಧ ಇರಬೇಕು."

ಅತ್ತೆ ಹಣೆಯ ಮೇಲೆ ಬಟ್ಟೆ ಇಟ್ಟು ಬಗ್ಗಿ ಕೇಳಿದರು. "ಶಂಕ್ರೀ, ನಮ್ಮವ್ವ, ನಿನ್ನ ತಂಗೀನ ಇವರಿಗೆ ಕೊಡ್ತೀವಿ. ನೀನೂ ಇಲ್ಲೇ ಇರ್ತೀಯ. ಒಪ್ಪಿಗೆ ಐತೇನವ್ವ?"

ಕಣ್ಣು ಮೇಲಕ್ಕೆ ಹೋದವು. "ಒಪ್ಪಿದ್ಲು! ಒಪ್ಪಿದ್ಲು!" ಎಂದರು ಎಲ್ಲರೂ. ಎರಡು ವರ್ಷದ ಹಿಂದೆ ಅದೇ ಕಣ್ಣು ಕಂಡು ಸಾಯ್ತಾಳೆ ಎಂದು ಅತ್ತ ಅತ್ತೆ ಈಗ ಅದೇ ಕಣ್ಣು ಕಂಡು ಆನಂದದಿಂದ ಅತ್ತರು. ಕಲ್ಲಮ್ಮ ಓಡಿ ಬಂದು ಅಕ್ಕನ ಪಾದ ಹಿಡಿದುಕೊಂಡಳು. ನಾನು ಒದ್ದೆ ಬಟ್ಟೆಯನ್ನು ಹಿಂಡಿ ಗೂಟಕ್ಕೆ ಹಾಕಿದೆ. ಮುಂದಿನ ವಾರ ಅದೇ ಕೋಣೆಯಲ್ಲಿ, ಅವಳ ಮಂಚದ ಎದುರಿಗೇ ತಾಳಿ ಕಟ್ಟಿದೆ. ಅಕ್ಕನ ಎದುರಿಗೇ ಆಗಲಿ ಎಂದು ಕಲ್ಲಮ್ಮ ಹೇಳಿದ್ದಳು.

ಎಂಬತ್ತೆರಡರಲ್ಲಿ ಹೆಣ್ಣು ಕೂಸು ಹುಟ್ಟಿತು. ಎಂಬತ್ತಮೂರರಲ್ಲಿ ಪ್ರೊಫೆಸರ್ ಮಲ್ಲಿಕಾರ್ಜುನಪ್ಪ ಹೊನ್ನಾಳಿಯ ಕಾಲೇಜಿಗೆ ಭಾಷಣಕ್ಕೆ ಬಂದವರು ನನ್ನನ್ನು ನೆನೆಸಿಕೊಂಡು ಗೋವಿನಕೋವಿಯವರೆಗೆ ಬಂದರು. ಕೂದಲು ಬೆಳ್ಳಗಾಗಿತ್ತು. ಕಾಫಿ ಕುಡಿದು ಹೊರಡುವಾಗ ನಡುಮನೆಯ ಮಂಚ ಕಂಡಿತು. ನಾನು ಎಲ್ಲವನ್ನೂ ಹೇಳಿದೆ, ಒಪ್ಪಿಗೆ ಕೇಳಿದ್ದನ್ನೂ ಒದ್ದೆ ಬಟ್ಟೆಯನ್ನೂ ಬಿಟ್ಟು.

ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ಪಕ್ಕದಲ್ಲಿ ನಿಂತರು. ಅವಳ ಕಣ್ಣ ಮುಂದೆ ಕೈ ಅತ್ತಿತ್ತ ಆಡಿಸಿದರು, ಕಣ್ಣು ಹೊರಳಲಿಲ್ಲ. ಕೈಯನ್ನು ಮೇಲೆ ಕೆಳಗೆ ಆಡಿಸಿದರು. ಕಣ್ಣು ಮೇಲೆ ಹೋದವು, ಕೆಳಗೆ ಬಂದವು. ಪ್ರೊಫೆಸರು ಇನ್ನೊಮ್ಮೆ ಆಡಿಸಿ ನೋಡಿದರು.

"ಇಷ್ಟು ವರ್ಷ ಯಾರೂ ಇವರನ್ನ ಮಾತಾಡಿಸಿಲ್ವೇನ್ರೀ?" ಎಂದರು ನನ್ನ ಕಡೆ ತಿರುಗದೆ. ಮೆದುಳಿನ ಬುಡದಲ್ಲಿ ಒಂದು ಜಾಗ ಕೆಟ್ಟರೆ ಕೈ, ಕಾಲು, ಬಾಯಿ, ಕತ್ತು ಎಲ್ಲ ಹೋಗುತ್ತದಂತೆ. ಕಣ್ಣು ಅತ್ತಿತ್ತ ಹೊರಳುವುದೂ ಹೋಗುತ್ತದಂತೆ. ಮೇಲೆ ಕೆಳಗೆ ನೋಡುವುದೊಂದು ಉಳಿಯುತ್ತದಂತೆ. ಒಳಗಿನ ಮನುಷ್ಯ ಮಾತ್ರ ಪೂರ್ತಿ ಎಚ್ಚರವಾಗಿರುತ್ತಾನಂತೆ. ಅಂಥ ರೋಗಿಗಳ ವಿಷಯ ಹೊರದೇಶದ ಪತ್ರಿಕೆಗಳಲ್ಲಿ ಬಂದಿದೆ, ಕಣ್ಣಾರೆ ನೋಡಿದ್ದು ಇದೇ ಮೊದಲು ಎಂದರು.

ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತರು. "ಶಂಕ್ರಮ್ಮನೋರೆ, ಹೌದು ಅಂದ್ರೆ ಮೇಲೆ ನೋಡ್ರಿ. ಅಲ್ಲ ಅಂದ್ರೆ ಕೆಳಗೆ ನೋಡ್ರಿ. ನಿಮ್ಮ ತವರು ಬಸವಾಪಟ್ಟಣನಾ?"

ಕಣ್ಣು ಮೇಲೆ ಹೋದವು.

"ಈ ಊರು ಜಗಳೂರಾ?"

ಕೆಳಗೆ.

ನಾನು ಗೋಡೆಗೆ ಒರಗಿದೆ. ಪ್ರೊಫೆಸರು ಒಂದೊಂದೇ ಪ್ರಶ್ನೆ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದರು. ನಿಮ್ಮ ಗಂಡನಿಗೆ ಮೀಸೆ ಇದೆಯೇ, ಇವತ್ತು ಭಾನುವಾರವೇ, ಮನೆಯಲ್ಲಿ ಎಮ್ಮೆ ಇದೆಯೇ. ಎಲ್ಲವೂ ಸರಿ. "ಈ ಮನೇಲಿ ಕೂಸು ಐತಾ?" ಮೇಲೆ. "ಕೂಸು ಗಂಡಾ?" ಕೆಳಗೆ. ಕೂಸು ಹುಟ್ಟಿದ್ದನ್ನು ನಾವು ಯಾರೂ ಅವಳ ಹತ್ತಿರ ಹೋಗಿ ಹೇಳಿರಲಿಲ್ಲ. ಗೋಡೆಗೆ ಹೇಳುತ್ತಾರೆಯೇ? ಹದಿನೆಂಟು ಪ್ರಶ್ನೆ, ಹದಿನೆಂಟು ಸರಿ ಉತ್ತರ.

ಕಲ್ಲಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದೊಡನೆ "ಅಕ್ಕಾ!" ಎಂದು ಕಿರುಚಿ ಮಂಚದ ಮೇಲೆ ಬಿದ್ದಳು. ಮುಖ ಮುಟ್ಟಿ, ಕೂದಲು ಸವರಿ, ಹಿಟ್ಟನ್ನೆಲ್ಲ ಅವಳಿಗೆ ಹಚ್ಚಿಬಿಟ್ಟಳು. "ಅಕ್ಕ, ನೀನು ಎಲ್ಲ ಕೇಳಿಸ್ಕೊಂತಿದ್ಯಾ? ಇಷ್ಟು ದಿನಾನೂ?"

ಕಣ್ಣು ಮೇಲೆ ಹೋದವು. ಕಲ್ಲಮ್ಮ ಅಳುತ್ತ ನಗುತ್ತ ನನ್ನ ಕಡೆ ನೋಡಿದಳು. ಅವಳು ಮುಂದೆ ಏನು ಕೇಳುತ್ತಾಳೆ ಎಂದು ನನಗೆ ಗೊತ್ತಾಯಿತು. ತಡೆಯುವಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು.

"ಹಂಗಾದ್ರೆ ಅವತ್ತು ನೀನು ನಿಜವಾಗ್ಲೂ ಒಪ್ಪಿದ್ಯಾ ಅಕ್ಕ? ಮನಸಾರೆ ಒಪ್ಪಿದ್ಯಾ?"

ಶಂಕ್ರಮ್ಮನ ಕಣ್ಣು ಮೇಲೆ ಹೋಗಲಿಲ್ಲ, ಕೆಳಗೂ ಬರಲಿಲ್ಲ. ತಂಗಿಯ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ರೆಪ್ಪೆ ಮುಚ್ಚಿದಳು. ಪ್ರೊಫೆಸರು ಕೇಳಿದರು, ಕಲ್ಲಮ್ಮ ಕೇಳಿದಳು. ತೆರೆಯಲಿಲ್ಲ. "ದಣಿದಿರಬೇಕು, ನಾಳೆ ನೋಡಾಣ," ಎಂದರು ಪ್ರೊಫೆಸರು.

ಮರುದಿನ ಬಂದು ನಲವತ್ತು ಪ್ರಶ್ನೆ ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು ಮೈಸೂರಿನಿಂದ ಮತ್ತೊಬ್ಬ ಡಾಕ್ಟರನ್ನು ಕರೆದುಕೊಂಡು ಬಂದರು. ಮತ್ತೆ ಎರಡು ಸಲ ಬಂದರು. ಅವರು ಬಂದು ಕುಳಿತರೆ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಬೆರಳಿನಿಂದ ಬಿಡಿಸಿದರೆ ಕಣ್ಣು ನೇರಕ್ಕೆ ನಿಂತಿರುತ್ತಿತ್ತು. ಕೈ ಮೇಲೆ ಕೆಳಗೆ ಆಡಿಸಿದರೂ ಹಿಂದೆ ಹೋಗಲಿಲ್ಲ.

ನನಗೆ ಮೊದಲ ಕ್ಷಣವೇ ಗೊತ್ತಾಗಿತ್ತು. ಅಲ್ಲ ಎಂದರೆ, ಹಾಲು ಕುಡಿಯುವ ಕೂಸಿನ ಜೊತೆ ತಂಗಿಯ ಬಾಳು ಅಲ್ಲಿಗೆ ಮುಗಿಯುತ್ತದೆ. ಹೌದು ಎಂದರೆ ನಾನು ಮಾಡಿದ ಕೆಲಸಕ್ಕೆ ಅವಳೇ ಮುದ್ರೆ ಒತ್ತಿದ ಹಾಗೆ. ಬೇರೆ ಯಾವುದೇ ಪ್ರಶ್ನೆಗೆ ಉತ್ತರ ಕೊಟ್ಟರೂ ಆ ಒಂದು ಪ್ರಶ್ನೆ ಮತ್ತೆ ಬಂದೇ ಬರುತ್ತದೆ. ಅದಕ್ಕೇ ಅವಳು ಉಳಿದಿದ್ದ ಒಂದೇ ಒಂದು ಬಾಯನ್ನೂ ಮುಚ್ಚಿಕೊಂಡಳು. ಕುರಿಗೆ ಅಷ್ಟು ಬರುತ್ತದೆಯೇ? ಗೊತ್ತಿಲ್ಲ. ನಾನು ಈಗ ಯಾವ ಪ್ರಾಣಿಯ ವಿಷಯದಲ್ಲೂ ಬಾಯಿ ಹಾಕುವುದಿಲ್ಲ.

ನಾಲ್ಕನೇ ಸಲ ಬಂದಾಗ ಪ್ರೊಫೆಸರು ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡರು.

"ಹದಿನೆಂಟಕ್ಕೆ ಹದಿನೆಂಟು ಬರೀ ಅದೃಷ್ಟದಿಂದ ಬರಬೇಕಾದ್ರೆ ಎರಡೂವರೆ ಲಕ್ಷಕ್ಕೆ ಒಂದು ಸಲ ಬರಬೇಕು ಶಿವಮೂರ್ತಪ್ಪನೋರೆ. ಆದ್ರೆ ಪ್ರಶ್ನೆ ಕೇಳಿದೋನೂ ನಾನೇ, ಉತ್ತರ ಗೊತ್ತಿದ್ದೋನೂ ನಾನೇ. ನನ್ನ ಮುಖ ನೋಡೇ ಕಣ್ಣು ಆಡಿತೋ, ನನ್ನಾಸೆಗೆ ನನಗೇ ಹಂಗೆ ಕಂಡಿತೋ ಅಂತಾರೆ ಉಳಿದೋರು. ಇನ್ನೊಂದು ಸಲ ಬರದಿದ್ರೆ ಇದನ್ನ ಯಾರೂ ಒಪ್ಪಲ್ಲ. ನನ್ನ ಜೊತೆ ಬಂದ ಡಾಕ್ಟರೇ ಒಪ್ಪಲಿಲ್ಲ."

"ಹೌದ್ರೀ," ಎಂದೆ.

"ಒಂದು ಮಾತು ಕೇಳ್ತೀನಿ. ಇವರು ಬೇಕಂತಲೇ ನಿಲ್ಲಿಸಿದ್ರು ಅನ್ನಾಕೆ ಒಂದು ಕಾರಣ ಸಿಕ್ರೆ ಕಥೆಯೇ ಬದಲಾಗ್ತೈತೆ. ಕಾರಣ ಇದ್ರೆ ಸುಮ್ಮನಿರೋದೂ ಒಂದು ಉತ್ತರನೇ. ಆಗ ನಾನು ಬರೀಬೌದು, ಇವರಿಗೆ ಪೂರ್ತಿ ಎಚ್ಚರ ಐತೆ ಅಂತ. ದೊಡ್ಡಾಸ್ಪತ್ರೆಯೋರು ನೋಡ್ತಾರೆ, ಮಾತಾಡಿಸಾಕೆ ಒಂದು ದಾರಿ ಮಾಡ್ತಾರೆ. ಕಲ್ಲಮ್ಮನೋರು ಅಕ್ಕನ್ನ ಕೇಳಿದ್ರಲ್ಲ, ಒಪ್ಪಿಗೆ ಅಂತ, ಅದೇನದು? ಅವತ್ತು ಏನಾದ್ರೂ ನಡೆದಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಹೆಗಲ ಮೇಲಿನ ವಸ್ತ್ರಕ್ಕೆ ಹೋಯಿತು. ಒಳಗೆ ಕಲ್ಲಮ್ಮ ಅಕ್ಕನನ್ನು ಮಾತಾಡಿಸುತ್ತಿದ್ದಳು. ಆ ಹದಿನೆಂಟರ ದಿನದಿಂದ ಅವಳು ದಿನವಿಡೀ ಅಕ್ಕನ ಜೊತೆ ಮಾತಾಡುತ್ತಿದ್ದಳು: ಇವತ್ತು ಎಮ್ಮೆ ಒದೀತು ಅಕ್ಕ, ಅವ್ವಂಗೆ ಕಾಲು ನೋವಂತೆ, ಕೂಸು ನಿನ್ನ ಹಂಗೇ ಮೂಗು ಮುರೀತೈತೆ ನೋಡು. ಉತ್ತರ ಬರದಿದ್ದರೂ ಬಿಟ್ಟಿರಲಿಲ್ಲ. ಈಗ ನಾನು ಒದ್ದೆ ಬಟ್ಟೆಯ ಮಾತು ಹೇಳಿದರೆ ಕಲ್ಲಮ್ಮ ಕೇಳಿಸಿಕೊಳ್ಳುತ್ತಾಳೆ. ಕೂಸನ್ನು ಎತ್ತಿಕೊಂಡು ಬಸ್ಸು ಹತ್ತುತ್ತಾಳೆ.

"ಏನೂ ಇಲ್ಲ ಸಾರ್," ಎಂದೆ. "ಹೆಂಗಸರು ಏನೋ ಕೇಳ್ತಾರೆ."

ಪ್ರೊಫೆಸರು ನೋಟ್‌ಬುಕ್ಕು ಮುಚ್ಚಿದರು. ಒಂದು ತಿಂಗಳಿಗೆ ಅವರ ಕಾಗದ ಬಂತು. ಮೊದಲ ದಿನದ ಉತ್ತರಗಳನ್ನು ಆಧಾರವಾಗಿ ತೆಗೆದುಕೊಳ್ಳಲು ಬರುವುದಿಲ್ಲ, ಪ್ರಜ್ಞೆ ಇದೆ ಎಂದು ಹೇಳಲು ಸಾಧ್ಯವಿಲ್ಲ ಎಂದಿತ್ತು. ಕಲ್ಲಮ್ಮ ಓದಿ ಹೇಳಿ ಎಂದಳು. ಓದಿ ಹೇಳಿದೆ.

"ಅಂದ್ರೆ?"

"ಅಂದ್ರೆ ಅದು ಸುಮ್ನೆ ನರ ಎಳೆದದ್ದು. ಅವರೇ ಬರೆದಾರೆ ನೋಡು."

ಅವಳು ಕಾಗದವನ್ನು ತಿರುವಿ ತಿರುವಿ ನೋಡಿದಳು. ಅವತ್ತು ಒಂದು ಹೊತ್ತು ಅತ್ತಳು. ಮರುದಿನ ಅಕ್ಕನ ಮೈ ಒರೆಸುವಾಗ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರದಲ್ಲಿ ಎಲ್ಲ ಮೊದಲಿನ ಹಾಗಾಯಿತು. ಮಗ್ಗುಲು ಬದಲಿಸುವಾಗ ನನ್ನ ಜೊತೆ ಸೊಸೈಟಿ ಸಕ್ಕರೆಯ ವಿಷಯ ಮಾತಾಡುತ್ತಿದ್ದಳು. ಮಂಚವನ್ನು ನಡುಮನೆಯಿಂದ ಹಿಂದಿನ ಕೋಣೆಗೆ ಸರಿಸಿದೆವು. ಕೂಸು ನಡೆಯಲು ಕಲಿಯುತ್ತಿತ್ತು, ಜಾಗ ಬೇಕಿತ್ತು.

ನಾನು ಮಾತ್ರ ಕಲ್ಲಮ್ಮ ನೀರಿಗೆ ಹೋದಾಗ ಆ ಕೋಣೆಗೆ ಹೋಗುತ್ತಿದ್ದೆ. ಬಾಗಿಲು ಮುಂದೆ ಮಾಡಿ ಮಂಚದ ಪಕ್ಕ ಕೂರುತ್ತಿದ್ದೆ. "ಶಂಕ್ರೀ, ತಪ್ಪಾತು ಕಣೆ. ಬಟ್ಟೆ ಅದ್ದಿ ಕೊಟ್ಟೋನು ನಾನೇ. ನಿನಗೆ ಗೊತ್ತೈತೆ. ಒಂದ್ಸಲ ಕೆಳಗಾದ್ರೂ ನೋಡೇ. ಬೈಯಾಕಾದ್ರೂ ನೋಡೇ." ನನ್ನ ಎದುರಿಗೆ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ತೆರೆದುಕೊಂಡೇ ಇರುತ್ತಿದ್ದಳು. ನಾನು ಎದ್ದು ಹೋಗುವವರೆಗೂ ಗುಡ್ಡೆ ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಹನ್ನೊಂದು ವರ್ಷ ಮಾತಿಗೆ ಮಾತು ಬಿಡದವಳು ಅವಳು. ನನಗೆ ಅಳು ಬರುತ್ತಿತ್ತು, ಅಳುತ್ತಿದ್ದೆ.

ಎಂಬತ್ತನಾಲ್ಕರ ಆಷಾಢದಲ್ಲಿ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಮೂರನೇ ದಿನ ಹೋದಳು. ಊರಾಚೆ ಸಮಾಧಿ ಮಾಡಿದೆವು. ಗುಂಡಿಯಲ್ಲಿ ಕೂರಿಸುವಾಗ ನೋಡಿದವರೆಲ್ಲ, ಐದು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹುಣ್ಣಿಲ್ಲ, ಎಂಥ ಗಂಡ ಎಂದು ನನ್ನನ್ನು ಹೊಗಳಿದರು.

ಪ್ರೊಫೆಸರಿಗೆ ಒಂದು ಕಾರ್ಡು ಬರೆದು ತಿಳಿಸಿದೆ. ಅವರು ಸಮಾಧಾನದ ಮಾತು ಬರೆದು, ಕೊನೆಗೆ ಒಂದು ಮಾತು ಕೇಳಿದ್ದರು. ನಿಮ್ಮ ಮನೆಯನ್ನು ಮರೆಯಲು ನನಗೆ ಆಗಿಲ್ಲ. ಆಮೇಲೆ, ಕೊನೆಯ ದಿನದವರೆಗೆ, ಅವರಿಗೆ ಅರಿವು ಇತ್ತು ಎನ್ನುವಂಥದ್ದು ಏನಾದರೂ ಕಂಡಿತೇ? ಕಂಡಿದ್ದರೆ ಈಗಲಾದರೂ ಬರೆಯಿರಿ, ನಾನು ದಾಖಲೆ ತಿದ್ದುತ್ತೇನೆ.

ನಾನು ಪಡಸಾಲೆಯಲ್ಲಿ ಕುಳಿತು ಇಡೀ ಮಧ್ಯಾಹ್ನ ಆ ಕಾರ್ಡು ಹಿಡಿದುಕೊಂಡಿದ್ದೆ. ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಅವಳು ಇದ್ದಳು, ಐದು ವರ್ಷವೂ ಇದ್ದಳು ಎಂದು ಎಲ್ಲೋ ಒಂದು ಪುಸ್ತಕದಲ್ಲಾದರೂ ಇರುತ್ತಿತ್ತು. ಕಲ್ಲಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಏನಂತ ಬರೆದ್ರಿ?"

"ಇಲ್ಲ ಅಂತ."

ಅವಳು ಉಸಿರುಬಿಟ್ಟಳು. "ಸದ್ಯ, ನಮ್ಮಕ್ಕಂಗೆ ಏನೂ ಗೊತ್ತಾಗ್ಲಿಲ್ಲ. ಅದೊಂದು ಪುಣ್ಯ ನೋಡ್ರಿ."

ನಾನು ಹೂಂ ಎಂದೆ.